ಸಹಾಯ ಬೇಕು: ಮೊದಲ ಲೂಪ್ ಸರಿ, ಎರಡನೆಯದು ಪೂರ್ತಿ ಖಾಲಿ

ಎಲ್ಲರಿಗೂ ನಮಸ್ಕಾರ. ಅಮ್ಮನ ಸ್ವಸಹಾಯ ಸಂಘದ ಉಳಿತಾಯದ ಲೆಕ್ಕ ತೋರಿಸಲು ಫ್ಲಾಸ್ಕ್‌ನಲ್ಲಿ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಚಿಕ್ಕ ವೆಬ್ ಪೇಜ್ ಮಾಡುತ್ತಿದ್ದೇನೆ. ಪೈಥಾನ್ 3, ಪೇಜ್‌ನ ಟೆಂಪ್ಲೇಟ್ (ಡೇಟಾ ತುಂಬುವ ಅಚ್ಚು) ಜಿಂಜಾದಲ್ಲಿದೆ. 14 ಸದಸ್ಯರ ಹೆಸರು ಒಂದು ಲಿಸ್ಟ್, ಕಟ್ಟಿದ ಹಣ ಇನ್ನೊಂದು. ಎರಡನ್ನೂ ಜಿಪ್ ಮಾಡಿ (ಪೈಥಾನ್‌ನ zip ಫಂಕ್ಷನ್‌ನಿಂದ ಹೆಸರು-ಹಣ ಜೋಡಿಸಿ) ಟೆಂಪ್ಲೇಟ್‌ಗೆ ಕಳಿಸಿದ್ದೇನೆ.

ಪೇಜ್‌ನಲ್ಲಿ ಅದೇ ಡೇಟಾವನ್ನು ಒಂದೊಂದಾಗಿ ಓದುವ ಎರಡು ಫಾರ್ ಲೂಪ್ ಇವೆ. ಮೇಲಿನ ಟೇಬಲ್‌ನಲ್ಲಿ 14 ಸಾಲೂ ಬರುತ್ತವೆ. ಕೆಳಗೆ ಮೊಬೈಲ್‌ಗೆ ಅಂತ ಮಾಡಿದ ಕಾರ್ಡ್‌ಗಳಲ್ಲಿ ಒಂದೂ ಇಲ್ಲ. ಎರರ್ ಕೂಡ ಇಲ್ಲ. ಪೇಜ್ ಸೋರ್ಸ್ ತೆಗೆದು ನೋಡಿದರೆ ಡಿವ್ ಒಳಗೆ ಸುಮ್ನೆ ಖಾಲಿ ಜಾಗ.

ವೇರಿಯಬಲ್ ಸ್ಪೆಲ್ಲಿಂಗ್, ಲೂಪ್ ಮುಗಿಸುವ ಎಂಡ್‌ಫಾರ್ ಎಲ್ಲ ಸರಿಯಿದೆ. ಪೇಜ್‌ನ ವಿನ್ಯಾಸದ ಸಿಎಸ್ಎಸ್ ಪೂರ್ತಿ ತೆಗೆದೆ, ಅದೇ ಕಥೆ. ಕಾರ್ಡ್‌ಗಳನ್ನು ಮೇಲೆ ಹಾಕಿದರೆ ಅವು ಬರುತ್ತವೆ, ಟೇಬಲ್ ಖಾಲಿ! ಕೊನೆಗೆ ಡೇಟಾ ಸರಿ ಇದೆಯಾ ಅಂತ ವ್ಯೂ ಫಂಕ್ಷನ್‌ನಲ್ಲಿ (ಟೆಂಪ್ಲೇಟ್‌ಗೆ ಡೇಟಾ ಕಳಿಸುವ ಪೈಥಾನ್ ಕೋಡ್) ಜಿಪ್ ಕೊಟ್ಟದ್ದನ್ನು ಲಿಸ್ಟ್ ಮಾಡಿ ಪ್ರಿಂಟ್ ಕೊಟ್ಟೆ. ಟರ್ಮಿನಲ್‌ನಲ್ಲಿ 14 ಹೆಸರೂ ಬಂದವು, ಪೇಜ್‌ನಲ್ಲಿ ಎರಡೂ ಖಾಲಿ. ಆ ಪ್ರಿಂಟ್ ಸಾಲು ತೆಗೆದ ತಕ್ಷಣ ಮೇಲಿನ ಲೂಪ್ ಮತ್ತೆ ಸರಿಯಾಯಿತು.

ನನಗೆ ತಲೆ ಕೆಟ್ಟಿರುವುದು ಇಲ್ಲೇ. ಬರೀ ನೋಡಿದ್ದಕ್ಕೆ ಡೇಟಾ ಮುಗಿದುಹೋಗುತ್ತದಾ? ಜಿಪ್ ಕೊಡುವುದನ್ನು ಒಂದೇ ಸಲ ಓದಬಹುದಾ? ಹಾಗಿದ್ದರೆ ಎರಡೂ ಲೂಪ್ ಓಡಬೇಕು ಅಂದರೆ ಟೆಂಪ್ಲೇಟ್‌ಗೆ ಏನು ಕಳಿಸಬೇಕು? ಭಾನುವಾರ ಸಂಘದ ಸಭೆ ಇದೆ, ಗೊತ್ತಿದ್ದವರು ದಯವಿಟ್ಟು ಹೇಳಿ.