ಪದಚರ್ಚೆ: 24/40ನ್ನು 3/5 ಮಾಡುವುದಕ್ಕೆ ಏನೆನ್ನಬೇಕು?

ದಾವಣಗೆರೆಯಿಂದ:
ನಮಸ್ಕಾರ. ಐದನೆಯ ತರಗತಿಯ ಗೋಡೆಯ ಮೇಲೆ ಭಿನ್ನರಾಶಿಯ ಪಾಠ ಬರೆಸುತ್ತಿದ್ದೇವೆ. ನಾಳೆ ಬೆಳಿಗ್ಗೆ ಪೇಂಟರ್ ಬರುತ್ತಾರೆ, ತಲೆಬರಹ ಇನ್ನೂ ತೀರ್ಮಾನವಾಗಿಲ್ಲ. 24/40ರ ಅಂಶ, ಛೇದ ಎರಡನ್ನೂ 8ರಿಂದ ಭಾಗಿಸಿ 3/5ಕ್ಕೆ ತರುತ್ತೇವಲ್ಲ, ಅದು ‘ಸುಲಭೀಕರಿಸುವುದೋ’, ‘ಸಂಕ್ಷೇಪಿಸುವುದೋ’, ‘ಕನಿಷ್ಠ ರೂಪಕ್ಕೆ ತರುವುದೋ’? ‘ಕನಿಷ್ಠ’ ಎಂದೊಡನೆ ಮಕ್ಕಳು 3/5 ಎಂಬುದು 24/40ಕ್ಕಿಂತ ಚಿಕ್ಕದೆಂದು ತಿಳಿಯುತ್ತಾರೆ. ಆ ತಪ್ಪಿಗೆ ಎಡೆಕೊಡದ ಪದ ಬೇಕು. ದಯವಿಟ್ಟು ಇಂದೇ ತಿಳಿಸಿ.

ಚಿತ್ರದುರ್ಗದಿಂದ:
‘ಸುಲಭೀಕರಿಸು’ ಬೇಡವೇ ಬೇಡ. ಆವರಣ ಬಿಡಿಸುವ ಲೆಕ್ಕಕ್ಕೂ ಅದೇ ಪದ. ಸರಿಯಾದದ್ದು ‘ಅಪವರ್ತನ’. ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಎಂಬುದರ ಕೊನೆಯ ‘ಅ’ ಅದೇ. ಇಂದಿನ ಪಠ್ಯಗಳಲ್ಲಿ ಅದು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಯ ಹೆಸರಾಗಿ ನಿಂತುಬಿಟ್ಟಿದೆ. ಹಳೆಯ ಗಣಿತದಲ್ಲಿ ಅದು ಕ್ರಿಯೆ: ಎರಡು ಸಂಖ್ಯೆಗಳನ್ನು ಸಾಮಾನ್ಯ ಭಾಜಕದಿಂದ ಭಾಗಿಸಿ ಇಳಿಸುವುದು. ‘ವೃತ್’ ಧಾತುವಿಗೆ ‘ಅಪ’ ಉಪಸರ್ಗ. ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಒಂಬತ್ತನೆಯ ಶತಮಾನದಲ್ಲೇ ಭಿನ್ನರಾಶಿಗೆ ‘ಕಲಾಸವರ್ಣ’ವೆಂಬ ಇಡೀ ಅಧ್ಯಾಯ ಬರೆದಿದ್ದಾನೆ. ಆ ಪರಂಪರೆಯ ಪದವಿರುವಾಗ ಹೊಸದೇಕೆ?

ಹರಿಹರದಿಂದ:
ಮಹಾವೀರಾಚಾರ್ಯ ಬರೆದದ್ದು ಸಂಸ್ಕೃತದಲ್ಲಿ. ಕನ್ನಡದಲ್ಲಿ ಗಣಿತ ಬರೆದವನು ಹನ್ನೆರಡನೆಯ ಶತಮಾನದ ರಾಜಾದಿತ್ಯ. ಹತ್ತು ವರ್ಷದ ಮಗುವಿಗೆ ಉಪಸರ್ಗ, ಧಾತು ಕಟ್ಟಿಕೊಂಡು ಏನಾಗಬೇಕು? ನಮ್ಮ ರೈತರು ಈ ಲೆಕ್ಕವನ್ನು ಹೆಸರಿನ ಹಂಗಿಲ್ಲದೆ ಮಾಡುತ್ತಾರೆ. ಎಕರೆಗೆ 40 ಗುಂಟೆ. 30 ಗುಂಟೆ ಇದ್ದವರು ‘ಮುಕ್ಕಾಲು ಎಕರೆ’ ಎನ್ನುತ್ತಾರೆ. ಹೊಲ ಕುಗ್ಗಲಿಲ್ಲ, ಎಣಿಸುವ ತುಂಡು ದೊಡ್ಡದಾಯಿತು, ಆದ್ದರಿಂದ ಎಣಿಕೆ ಕಡಿಮೆಯಾಯಿತು. ಅರೆ, ಕಾಲು, ಅರೆಕಾಲು, ವೀಸ ಎಂದು ಎಣಿಸಿದ ನುಡಿಗೆ ಎರವಲು ಬೇಕಿಲ್ಲ. ‘ಕಿರಿದಾಗಿಸು’ ಎಂದು ಬರೆಸಿ.

ಚಿತ್ರದುರ್ಗದಿಂದ:
‘ಕಿರಿದಾಗಿಸು’ ಎಂದರೆ ಕೇಳಿದವರು ಬೇಡವೆಂದ ತಪ್ಪಿಗೇ ಮರಳಿದಿರಿ. ಎರವಲು ಬೇಡ ಎನ್ನುವ ನೀವು ಉದಾಹರಣೆಗೆ ತಂದ ‘ಎಕರೆ’ ಇಂಗ್ಲಿಷಿನದು. ಸೇರಿನ ಕಾಲುಭಾಗವಾದ ‘ಪಾವು’ ಸಂಸ್ಕೃತದ ‘ಪಾದ’ದಿಂದ ಸವೆದು ಬಂದದ್ದು. ಅದನ್ನೂ ಅಂಗಡಿಯಿಂದ ಹೊರಗೆ ಹಾಕುತ್ತೀರಾ?

ಹರಿಹರದಿಂದ:
ಪಾವು ಬಳಕೆಯಲ್ಲಿ ಬೆರೆತುಹೋಗಿದೆ. ಅಪವರ್ತನ ಪುಸ್ತಕ ಬಿಟ್ಟು ಹೊರಗೆ ಬಂದಿಲ್ಲ. ಇದು ನನಗೆ ಸಣ್ಣ ವ್ಯತ್ಯಾಸವಲ್ಲ.

ಚಳ್ಳಕೆರೆಯಿಂದ:
ಮೇಡಂ, ನಾನು ಇದನ್ನು ಕಲಿಸುತ್ತೇನೆ. ‘ಅಪವರ್ತನ’ ಬೇಡ, ಮಕ್ಕಳು ಅದೇ ಪಾಠದಲ್ಲಿ ಅದನ್ನು ಬೇರೆ ಅರ್ಥದಲ್ಲಿ ಓದುತ್ತಾರೆ. ತರಗತಿಯಲ್ಲಿ ನಾವು ಆಡುವ ‘ಹೊಡೆದು ಹಾಕು’ ಇನ್ನೂ ಕೆಟ್ಟದ್ದು. 16/64ರಲ್ಲಿ ಎರಡು 6 ಹೊಡೆದವನಿಗೆ 1/4 ಎಂಬ ಸರಿಯುತ್ತರವೇ ಸಿಗುತ್ತದೆ. ಅದೇ ಧೈರ್ಯದಲ್ಲಿ 12/24ರ 2ಗಳನ್ನು ಹೊಡೆದರೆ ಮತ್ತೆ 1/4 ಬರುತ್ತದೆ, ಬರಬೇಕಾದದ್ದು 1/2. ಭಾಗಿಸುವುದು ಎಂಬ ಮಾತು ಗೋಡೆಯ ಮೇಲೆ ಇರಲೇಬೇಕು. ತಲೆಬರಹಕ್ಕೆ ‘ಅತಿ ಸಂಕ್ಷಿಪ್ತ ರೂಪ’ ಇರಲಿ. ಬದಲಾಗುವುದು ರೂಪ ಮಾತ್ರ ಎಂಬುದು ಅದರಲ್ಲೇ ಇದೆ. ‘ಅತಿ’ ಬಿಡಬೇಡಿ: 12/20 ಕೂಡ 24/40ರ ಸಂಕ್ಷಿಪ್ತ ರೂಪವೇ. 3 ಮತ್ತು 5ಕ್ಕೆ 1ರ ಹೊರತು ಸಾಮಾನ್ಯ ಅಪವರ್ತನವಿಲ್ಲ, ಆದ್ದರಿಂದ ಅಲ್ಲಿಗೆ ನಿಲ್ಲುತ್ತೇವೆ.

ದಾವಣಗೆರೆಯಿಂದ:
ಧನ್ಯವಾದಗಳು ಸರ್. ಹೀಗೆ ಬರೆಸುತ್ತೇನೆ: ‘ಅತಿ ಸಂಕ್ಷಿಪ್ತ ರೂಪ. ಅಂಶ ಮತ್ತು ಛೇದವನ್ನು ಅವುಗಳ ಮ.ಸಾ.ಅ.ದಿಂದ ಭಾಗಿಸಿ. ಬೆಲೆ ಬದಲಾಗದು.’ ಕೆಳಗೆ ಹರಿಹರದವರ 30 ಗುಂಟೆಯ ಲೆಕ್ಕವನ್ನೂ ಹಾಕಿಸುತ್ತೇನೆ, ಮಕ್ಕಳಿಗೆ ಅದು ಬೇಗ ಹಿಡಿಯುತ್ತದೆ.

ಹರಿಹರದಿಂದ:
ಗುಂಟೆ ಹಾಕಿಸಿ, ಸಂತೋಷ. ‘ಸಂಕ್ಷಿಪ್ತ’ಕ್ಕೆ ನನ್ನ ಒಪ್ಪಿಗೆಯಿಲ್ಲ.