ಕ್ರಿಟೇಶಿಯಸ್ ಜೇಡಿಯೊಳಗಿನ ಪುಟ್ಟ ಬೀಜಗಳು: ಬಿಡಿಸುವುದು, ಗುರುತಿಸುವುದು ಹೇಗೆ?

ಪ್ರಶ್ನೆ

ಆರಂಭಿಕ ಕ್ರಿಟೇಶಿಯಸ್ ಕಾಲದ (ಸುಮಾರು 14.5ರಿಂದ 10 ಕೋಟಿ ವರ್ಷ ಹಿಂದಿನ), ಇನ್ನೂ ಗಟ್ಟಿಕಲ್ಲಾಗದ ಬೂದು ಜೇಡಿ ಸುಮಾರು 3 ಕಿಲೋ ಇದೆ. ಮುರಿದಲ್ಲೆಲ್ಲ ಇದ್ದಿಲಿನ ಚೂರು, ಎಲೆಯ ತುಣುಕು ಕಾಣುತ್ತವೆ. ಬೀಜಗಳಿದ್ದರೆ ಒಡೆಯದಂತೆ ತೆಗೆಯುವ ಕ್ರಮ ಯಾವುದು? ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಜೇಡಿ ಬೇಗ ಬಿಡುತ್ತದೆ ಎನ್ನುತ್ತಾರೆ, ಹಾಕಬಹುದೇ? ಸಿಕ್ಕದ್ದು ಹೂಬಿಡುವ ಗಿಡದ ಬೀಜವೇ ಎಂದು ತಿಳಿಯುವುದು ಹೇಗೆ?

ಉತ್ತರ 1

ಪೆರಾಕ್ಸೈಡ್ ಬೇಡವೇ ಬೇಡ. ಅದು ಜೇಡಿಯ ಜೊತೆಗೆ ಇದ್ದಿಲಾದ ಬೀಜದ ಇಂಗಾಲವನ್ನೂ ತಿನ್ನುತ್ತದೆ. ಅದಕ್ಕಿಂತ ಕೆಟ್ಟದ್ದು, ಜೀವಕೋಶಗಳ ಪೊಳ್ಳಿನೊಳಗೇ ಗುಳ್ಳೆ ಎದ್ದು ಬೀಜವನ್ನು ಒಳಗಿನಿಂದ ಸೀಳುತ್ತದೆ.

ಇಂಥ ಜೇಡಿಗೆ ನೀರೇ ಸಾಕು, ಆದರೆ ಮೊದಲು ಚೆನ್ನಾಗಿ ಒಣಗಬೇಕು. ಅರ್ಧ ಕಿಲೋ ಪಾಲು ಮಾಡಿ, ಅಡಿಕೆ ಗಾತ್ರಕ್ಕೆ ಕೈಯಲ್ಲೇ ಮುರಿದು, ಬಣ್ಣ ಒಂದೇ ಸಮನೆ ತಿಳಿಯಾಗುವವರೆಗೆ ನೆರಳಲ್ಲಿ ಹರಡಿ. ಆಮೇಲೆ ಅಗಲ ಪಾತ್ರೆಯಲ್ಲಿ ಮುಳುಗುವಷ್ಟು ನೀರು ಹಾಕಿ. ಒಣಗಿದ ಜೇಡಿ ನೀರು ಹೀರಿ ಉಬ್ಬಿ ತಾನೇ ಕುಸಿಯುತ್ತದೆ. ಅರೆಹಸಿ ಇದ್ದಾಗಲೇ ನೆನೆಸಿದರೆ ಹೆಂಟೆ ಹಾಗೇ ಉಳಿಯುತ್ತದೆ, ಆಗ ಹಿಸುಕಲು ಕೈ ಹೋಗುತ್ತದೆ, ಬೀಜ ಪುಡಿಯಾಗುತ್ತದೆ. ಒಂದು ಸಲಕ್ಕೆ ಬಿಡದಿದ್ದರೆ ಮತ್ತೆ ಒಣಗಿಸಿ ಮತ್ತೆ ನೆನೆಸಿ.

ಮರುದಿನ 125 ಮೈಕ್ರಾನ್ ಜರಡಿಯಲ್ಲಿ ಸೋಸಿ. ನೀರಿನ ಧಾರೆ ಸಣ್ಣದಿರಲಿ, ಜರಡಿಯ ಮೇಲೆ ಬೆರಳಾಡಿಸಬೇಡಿ. ಅನೇಕರು ತಪ್ಪುವುದು ಇಲ್ಲಿ: ಮೇಲೆ ತೇಲುವ ಕಪ್ಪು ಕೆನೆಯನ್ನು ಕಸವೆಂದು ಚೆಲ್ಲುತ್ತಾರೆ. ಇದ್ದಿಲಾದ ಬೀಜದೊಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ, ಅದು ತೇಲುತ್ತದೆ. ಚೆಲ್ಲುವ ನೀರೆಲ್ಲ ಜರಡಿಯ ಮೂಲಕವೇ ಹೋಗಲಿ. ಉಳಿದದ್ದನ್ನು ಒಲೆಯಲ್ಲಿಡದೆ ಗಾಳಿಗೆ ಒಣಗಿಸಿ.

ಉತ್ತರ 2

ಸೋಸಿದ ಮೇಲೂ ಬೀಜಕ್ಕೆ ಮಣ್ಣು ಅಂಟಿರುತ್ತದೆ. ಪ್ರಯೋಗಾಲಯಗಳಲ್ಲಿ ಅದನ್ನು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ಸುಣ್ಣದ ಅಂಶವಿದ್ದರೆ ಮೊದಲು 10% ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೆಗೆದು ತೊಳೆಯಲೇಬೇಕು, ಇಲ್ಲವಾದರೆ ಕ್ಯಾಲ್ಸಿಯಂ ಫ್ಲೋರೈಡ್ ಹರಳುಗಟ್ಟಿ ಬೀಜದ ಮೈಗೆ ಕೂರುತ್ತದೆ.

ಈ ಹಂತವನ್ನು ಮನೆಯಲ್ಲಿ ಖಂಡಿತ ಮಾಡಬೇಡಿ. ಈ ಆಮ್ಲ ಗಾಜನ್ನೇ ಕರಗಿಸುತ್ತದೆ. ಚರ್ಮಕ್ಕೆ ತಾಗಿದ ಕೂಡಲೇ ನೋವಾಗದೆ ಇರಬಹುದು, ಅಷ್ಟರಲ್ಲಿ ಒಳಗಿಳಿದು ರಕ್ತದ ಕ್ಯಾಲ್ಸಿಯಂ ಹಿಡಿದಿಟ್ಟು ಹೃದಯದ ಬಡಿತ ಕೆಡಿಸುತ್ತದೆ. ಹೊಗೆ ಎಳೆಯುವ ಕಪಾಟು, ಪ್ಲಾಸ್ಟಿಕ್ ಪಾತ್ರೆ, ಕೈಗೆಟಕುವಲ್ಲಿ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್, ತರಬೇತಾದ ಇನ್ನೊಬ್ಬರು ಜೊತೆಗೆ ಇರುವಲ್ಲಿ ಮಾತ್ರ ಮಾಡುವ ಕೆಲಸ ಇದು. ಬರೀ ಆಕಾರ ನೋಡುವುದಾದರೆ ನೀರಲ್ಲಿ ತೊಳೆದದ್ದೇ ಬೇಕಾದಷ್ಟಾಯಿತು.

ಉತ್ತರ 3

ಗುರುತಿಸುವ ಬಗ್ಗೆ. ಹುಡುಕಬೇಕಾದ ಗಾತ್ರ ಹೆಚ್ಚಾಗಿ ಅರ್ಧ ಮಿ.ಮೀ.ನಿಂದ 2 ಮಿ.ಮೀ., ಅಂದರೆ ಸಾಸಿವೆ ಕಾಳಿನಷ್ಟು ಅಥವಾ ಅದಕ್ಕೂ ಚಿಕ್ಕದು. ಒದ್ದೆ ಮಾಡಿದ ಸಣ್ಣ ಕುಂಚದ ತುದಿಯಿಂದ ಎತ್ತಿ. ಚಿಮುಟ ಹಿಡಿದರೆ ಬೀಜ ಒಡೆಯುತ್ತದೆ ಇಲ್ಲವೇ ಹಾರುತ್ತದೆ.

ಮೊದಲು ಬೀಜವಲ್ಲದ್ದನ್ನು ಬೇರೆ ಮಾಡಿ. ಜರೀಗಿಡಗಳ ಕಡೆಯ ದೊಡ್ಡ ಬೀಜಕಣಗಳು, ಕೀಟಗಳ ಹಿಕ್ಕೆ, ಶಿಲೀಂಧ್ರದ ಗಟ್ಟಿ ಉಂಡೆಗಳು ಇವೆಲ್ಲ ದುಂಡಗೆ, ಕಪ್ಪಗೆ ಇದ್ದು ಮೋಸ ಮಾಡುತ್ತವೆ. ಕಂದು ಬಣ್ಣದ, ಒತ್ತಿದರೆ ಬಾಗುವ ಬೀಜ ಸಿಕ್ಕರೆ ಈಗಿನ ಕಳೆಗಿಡದ್ದು ಬೆರೆತಿದೆಯೇ ಎಂದು ಮೊದಲು ಶಂಕಿಸಿ. ಇದ್ದಿಲಾದದ್ದು ಬಾಗುವುದಿಲ್ಲ, ಮುರಿದ ಮೈ ರೇಷ್ಮೆಯಂತೆ ಮಿನುಗುತ್ತದೆ.

ಬೀಜವೆಂದು ಖಚಿತವಾದ ಮೇಲೆ ನೋಡಬೇಕಾದದ್ದು ಎರಡು ಗುರುತು: ತೊಟ್ಟು ಕಳಚಿದ ಕಲೆ ಮತ್ತು ಬೀಜರಂಧ್ರ (ಬೀಜದ ಹೊದಿಕೆಯಲ್ಲಿನ ಸಣ್ಣ ತೂತು). ಅಂಡ, ಅಂದರೆ ಬೀಜವಾಗುವ ಮೊಗ್ಗು, ತಲೆಕೆಳಗಾಗಿ ಬಾಗಿ ಬೆಳೆದಿದ್ದರೆ ಇವೆರಡೂ ಒಂದೇ ತುದಿಯಲ್ಲಿ ಅಕ್ಕಪಕ್ಕ ಇರುತ್ತವೆ, ಒಂದು ಬದಿಗೆ ಉದ್ದಕ್ಕೂ ಏಣು ಹರಿದಿರುತ್ತದೆ. ಹೂಬಿಡುವ ಗಿಡಗಳಲ್ಲಿ ಈ ವಿನ್ಯಾಸ ತುಂಬಾ ಸಾಮಾನ್ಯ. ಬೀಜರಂಧ್ರ ಉದ್ದ ಕೊಳವೆಯಾಗಿ ಚಾಚಿದ್ದು, ಇಡೀ ಬೀಜದ ಸುತ್ತ ಇನ್ನೊಂದು ಹೊದಿಕೆ ಇದ್ದರೆ ಹೂಬಿಡದ ಬೀಜಗಿಡಗಳಾದ ನೀಟಂ, ಎಫೆಡ್ರಾಗಳ ಕಡೆಯ ಬಳಗದ್ದಿರಬಹುದು. ಅವೂ ಇದೇ ಜೇಡಿಗಳಲ್ಲಿ ಬೇಕಾದಷ್ಟು ಸಿಗುತ್ತವೆ.

ನೈದಿಲೆ ಬಳಗದ ಬೀಜವನ್ನು ಒಮ್ಮೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡವರು ಮರೆಯಲಾರರು. ಮೇಲ್ಪದರದ ಕೋಶಗಳ ಅಂಚು ಅಂಕುಡೊಂಕಾಗಿ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ತುದಿಯಲ್ಲಿ ಕರಡಿಗೆಗೆ ಇದ್ದಂತೆ ದುಂಡನೆಯ ಮುಚ್ಚಳ. ಮೊಳೆಯುವಾಗ ಬೇರು ಅದನ್ನು ತಳ್ಳಿಕೊಂಡು ಹೊರಗೆ ಬರುತ್ತದೆ.

ಗಾತ್ರವನ್ನು ಈಗಿನ ಬೀಜಗಳೊಂದಿಗೆ ನೇರವಾಗಿ ಹೋಲಿಸಬೇಡಿ. ಸುಟ್ಟಾಗ ಬೀಜ ಕುಗ್ಗಿರುತ್ತದೆ.

ಮರುಪ್ರಶ್ನೆ

ಬಹಳ ಉಪಕಾರ. ಇಷ್ಟು ಚಿಕ್ಕ ಬೀಜದೊಳಗೆ ಭ್ರೂಣ ಉಳಿಯುವುದುಂಟೇ? ನೋಡಲು ಕತ್ತರಿಸಬೇಕೇ?

ಉತ್ತರ 4

ಉಳಿಯುತ್ತದೆ. ಕತ್ತರಿಸಬೇಡಿ. ಸಸ್ಯ ಪಳೆಯುಳಿಕೆ ತಜ್ಞರಾದ ಎಲ್ಸ್ ಮೇರಿ ಫ್ರೀಸ್, ಪೀಟರ್ ಕ್ರೇನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಕೆಲಸ ಇದರ ಮೇಲೆಯೇ. ಪೋರ್ಚುಗಲ್ ಮತ್ತು ಉತ್ತರ ಅಮೆರಿಕದ ಪೂರ್ವಭಾಗದ, 11ರಿಂದ 12.5 ಕೋಟಿ ವರ್ಷ ಹಳೆಯ ಪದರಗಳಿಂದ ಬಂದ ಸುಮಾರು 75 ಬಗೆಯ 250ರಷ್ಟು ಬೀಜಗಳನ್ನು ಸಿಂಕ್ರೊಟ್ರಾನ್ ಎಕ್ಸ್-ರೇ ಟೊಮೊಗ್ರಫಿಯಲ್ಲಿ (ಕಣವೇಗವರ್ಧಕದ ಪ್ರಖರ ಎಕ್ಸ್-ರೇಯಿಂದ, ಕತ್ತರಿಸದೆಯೇ ಒಳಗಿನ ಪದರಗಳ ಚಿತ್ರ ತೆಗೆಯುವ ವಿಧಾನ) ನೋಡಿದರು. ಅರ್ಧದಷ್ಟರಲ್ಲಿ ಒಳಗಿನ ಕೋಶಗಳು ಸ್ಪಷ್ಟವಾಗಿದ್ದವು, ಸುಮಾರು 50ರಲ್ಲಿ ಭ್ರೂಣ ಇಡಿಯಾಗಿಯೋ ಭಾಗವಾಗಿಯೋ ಇತ್ತು. ಭ್ರೂಣದ ಅಳತೆ ಕಾಲು ಮಿ.ಮೀ.ಗೂ ಕಡಿಮೆ. ಎರಡು ಬೀಜದಳಗಳು ಮೊಗ್ಗಿನಂತೆ ಮೂಡಲು ಶುರುವಾಗಿವೆ, ಸುತ್ತಲೂ ಆಹಾರ ತುಂಬಿದ ಅಂಗಾಂಶ.

ಇದರ ಬೆಲೆ ಇರುವುದು ಭ್ರೂಣಕ್ಕೂ ಬೀಜಕ್ಕೂ ಇರುವ ಗಾತ್ರದ ಅನುಪಾತದಲ್ಲಿ. ಇಷ್ಟು ಎಳೆಯ ಭ್ರೂಣ ನೆಲಕ್ಕೆ ಬಿದ್ದ ಕೂಡಲೇ ಮೊಳೆಯಲಾರದು, ಮೊದಲು ಬೀಜದೊಳಗೇ ಬೆಳೆದುಕೊಳ್ಳಬೇಕು. ಅಂದರೆ ಆಗಲೇ ಹೂಗಿಡಗಳಲ್ಲಿ ಸುಪ್ತಾವಸ್ಥೆ ಇತ್ತು. ಹೂಗಿಡಗಳ ಅತಿ ಹಳೆಯ ಕವಲುಗಳಾದ ಆಂಬೊರೆಲ್ಲಾ, ನೈದಿಲೆ ಬಳಗಗಳಲ್ಲಿ ಈಗಲೂ ಭ್ರೂಣ ಹೀಗೇ ಪುಟ್ಟದು.

ಪ್ರಯೋಗಾಲಯದ ಸಾಮಾನ್ಯ ಮೈಕ್ರೊ ಸಿಟಿ (ಸಣ್ಣ ವಸ್ತುಗಳ ಎಕ್ಸ್-ರೇ ಸ್ಕ್ಯಾನ್) ಯಂತ್ರದಲ್ಲಿ ನಿರಾಸೆಯಾಗುವ ಸಂಭವ ಹೆಚ್ಚು. ಭಿತ್ತಿಯೆಲ್ಲ ಇಂಗಾಲವೇ, ಅದು ಎಕ್ಸ್-ರೇಯನ್ನು ತಡೆಯುವುದು ಕಡಿಮೆ, ಆದ್ದರಿಂದ ಕೋಶಭಿತ್ತಿಗೂ ಪೊಳ್ಳಿಗೂ ನೆರಳಿನ ವ್ಯತ್ಯಾಸ ಕಡಿಮೆ. ಸಿಂಕ್ರೊಟ್ರಾನ್ ಕಿರಣದ ಹಂತ-ವ್ಯತ್ಯಾಸ (ವಸ್ತುವನ್ನು ದಾಟುವಾಗ ಅಲೆಗಳು ಹಿಂದೆಮುಂದಾಗುವುದು) ಆ ಅಂಚುಗಳನ್ನು ಎತ್ತಿ ತೋರಿಸುತ್ತದೆ. ಕಳಿಸಲು ಆರಿಸುವಾಗ ಚಪ್ಪಟೆಯಾಗದ, ಉಬ್ಬಿದ, ಇದ್ದಿಲಾದ ಬೀಜಗಳನ್ನೇ ಆರಿಸಿ. ಸುಡದೆ ಲಿಗ್ನೈಟ್ (ಕಂದು ಕಲ್ಲಿದ್ದಲು) ಆದದ್ದರ ಒಳಭಾಗ ಬಹುತೇಕ ಕುಸಿದಿರುತ್ತದೆ. ಹಿತ್ತಾಳೆಯಂಥ ಹೊಳಪು ಕಂಡರೆ ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ಇದೆ ಎಂದರ್ಥ, ಚಿತ್ರದಲ್ಲಿ ಗೀರುಗಳು ಬೀಳುತ್ತವೆ. ನೈಲ್‌ಪಾಲಿಶ್‌ನಿಂದ ಚಿತ್ರ ತೆಗೆಯುವ ಪೀಠಕ್ಕೆ ಅಂಟಿಸುವಾಗ ಅದು ಒಂದಿಷ್ಟು ಆರಿ ಜಿಗುಟಾದ ಮೇಲೆ ಬೀಜ ಇಡಿ. ತೆಳ್ಳಗಿದ್ದಾಗಲೇ ಇಟ್ಟರೆ ಇದ್ದಿಲು ಅದನ್ನು ಬತ್ತಿಯಂತೆ ಹೀರಿಕೊಂಡು, ನೋಡಬೇಕಾದ ಕೋಶಗಳೆಲ್ಲ ತುಂಬಿಹೋಗುತ್ತವೆ.