ಸೂಸಾಫೋನಿನ ಬೆಲ್ ಜೋಡಿಸಿದರೆ ಜರ್ರ್ ಎನ್ನುವ ಸದ್ದು: ಸ್ಕ್ರೂ ಬಿಗಿ ಮಾಡಿದರೂ ಹೋಗುತ್ತಿಲ್ಲ

ಪ್ರಶ್ನೆ (ಕಲಬುರಗಿ)

ನಮ್ಮದು ಮದುವೆ ಬ್ಯಾಂಡು. ಮೀರತ್‌ನಿಂದ ತರಿಸಿದ ಮೂರು ಪಿಸ್ಟನ್ನಿನ ಹಿತ್ತಾಳೆ ಸೂಸಾಫೋನ್ (ಮೈಗೆ ಸುತ್ತಿಕೊಂಡು ಊದುವ ದೊಡ್ಡ ತಗ್ಗುಸ್ವರದ ಕಹಳೆ) ಇದೆ. ಬೆಲ್ಲನ್ನು, ಅಂದರೆ ಸದ್ದು ಹೊರಬರುವ ಅಗಲ ಬಾಯಿಯನ್ನು, ಬಿಚ್ಚಿ ಬೇರೆ ಚೀಲದಲ್ಲಿ ಒಯ್ಯುತ್ತೇವೆ. ಬೇಸ್ ಕ್ಲೆಫ್‌ನ (ತಗ್ಗು ಸ್ವರಗಳ ಪಾಶ್ಚಾತ್ಯ ಸ್ವರಲಿಪಿಯ) ಎರಡನೆಯ ಗೆರೆಯ ಬಿ-ಫ್ಲ್ಯಾಟ್ ಮತ್ತು ಅದರ ಕೆಳಗಿನ ಎ, ಈ ಎರಡೇ ಸ್ವರಗಳಲ್ಲಿ ಜರ್ರ್ ಎಂದು ಸದ್ದು ಬರುತ್ತದೆ. ಮೆಲ್ಲಗೆ ಊದಿದರೆ ಏನೂ ಇಲ್ಲ, ಜೋರು ಮಾಡಿದೊಡನೆ ಶುರು. ಬೆಲ್ ತೆಗೆದು ಊದಿದರೆ ಸದ್ದು ಮಾಯ. ಆದ್ದರಿಂದ ದೋಷ ಜೋಡಣೆಯಲ್ಲೇ ಇರಬೇಕು ಎಂದು ಮೂರೂ ಸ್ಕ್ರೂಗಳನ್ನು ಬಿಗಿ ಮಾಡಿದೆವು. ಕಡಿಮೆಯಾಯಿತು, ಹೋಗಲಿಲ್ಲ. ಮೌತ್‌ಪೀಸ್ ಬದಲಿಸಿದ್ದಾಯಿತು, ನನ್ನ ಅಣ್ಣ ಊದಿದರೂ ಅದೇ ಸದ್ದು. ಹೈದರಾಬಾದಿಗೆ ಕಳಿಸಿದರೆ ಲಗ್ನದ ಹಂಗಾಮು ಮುಗಿದ ಮೇಲೆಯೇ ಕೈಗೆ ಸಿಗುತ್ತದೆ. ಇಲ್ಲೇ ಸರಿ ಮಾಡಿಕೊಳ್ಳಲು ದಾರಿ ಇದೆಯೇ?

ಉತ್ತರ (ಯಾದಗಿರಿ)

ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಬೆಲ್ಲಿನ ಕುತ್ತಿಗೆಗೆ ಎರಡು ಸುತ್ತು ಸುತ್ತಿ ಕೂರಿಸಿ. ನಮ್ಮಲ್ಲಿ ಎಲ್ಲರೂ ಹೀಗೆಯೇ ಮಾಡುತ್ತಾರೆ.

ಉತ್ತರ (ಬೀದರ್)

ಟೇಪು ಪರೀಕ್ಷೆಗೆ ಸರಿ, ಕಾಯಂ ಇಡಬೇಡಿ. ಟೇಪಿನ ದಪ್ಪಕ್ಕೆ ಬೆಲ್ ಪೂರ್ತಿ ಒಳಗೆ ಇಳಿಯುವುದಿಲ್ಲ, ಸ್ಕ್ರೂ ತನ್ನ ಜಾಗಕ್ಕೆ ಕೂರದೆ ಅಂಚನ್ನು ಕಚ್ಚಿಕೊಂಡು ನಿಲ್ಲುತ್ತದೆ. 1890ರ ದಶಕದಲ್ಲಿ ಅಮೆರಿಕದ ಸೂಸಾ ಅವರ ಬ್ಯಾಂಡಿಗೆಂದು ಈ ವಾದ್ಯ ಹುಟ್ಟಿದಾಗ ಅದರ ಬೆಲ್ ಆಕಾಶ ನೋಡುತ್ತಿತ್ತು, ಭಾರ ನೆಟ್ಟಗೆ ಕೆಳಗಿಳಿಯುತ್ತಿತ್ತು. ಈಗಿನದು ಮುಂದಕ್ಕೆ ಬಾಗಿದ ಬೆಲ್. ಸುಮಾರು 26 ಇಂಚು ಅಗಲದ ಆ ತಗಡು ಪೂರ್ತಿ ಮೂರು ಸ್ಕ್ರೂಗಳ ಮೇಲೆ ಜೋತು ನಿಂತಿರುತ್ತದೆ. ಹಾಗಾಗಿ ಕಾಲರನ್ನು, ಅಂದರೆ ಬೆಲ್ ಕೂರುವ ಬಳೆಯನ್ನು, ಮೊದಲು ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ. ಹಳೆಯ ಗ್ರೀಸಿನಲ್ಲಿ ಅಂಟಿದ ಧೂಳೇ ಅರ್ಧ ಕಾಟ ಕೊಡುತ್ತದೆ. ಸ್ಲೈಡ್ ಗ್ರೀಸನ್ನು ತೆಳ್ಳಗೆ ಸವರಿ, ಮೂರೂ ಸ್ಕ್ರೂಗಳನ್ನು ಬೆರಳಿನಿಂದಲೇ ಸಡಿಲವಾಗಿ ಹತ್ತಿಸಿ, ಬೆಲ್ಲನ್ನು ಒತ್ತಿ ಹಿಡಿದು, ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತ ಬನ್ನಿ. ಇಕ್ಕಳ ಮುಟ್ಟಬೇಡಿ.

ಇನ್ನು, ಬೆಲ್ ತೆಗೆದರೆ ಸದ್ದು ಹೋಯಿತು ಎಂಬುದನ್ನು ಸಾಕ್ಷಿಯಾಗಿ ಹಿಡಿಯಬೇಡಿ ತಮ್ಮಾ. ಬೆಲ್ ಇಲ್ಲದಿದ್ದರೆ ಕೊಳವೆ ಗಿಡ್ಡವಾಗುತ್ತದೆ, ಸ್ವರವೇ ಬದಲಾಗುತ್ತದೆ. ನೀವು ಹೇಳುವ ಬಿ-ಫ್ಲ್ಯಾಟ್ ಸೆಕೆಂಡಿಗೆ ಸುಮಾರು 117 ಸಲ ಕಂಪಿಸುತ್ತದೆ, ಎ 110 ಸಲ. ಸಡಿಲವಾದ ತುಣುಕು ತನಗೆ ಹೊಂದುವ ಕಂಪನ ಸಿಕ್ಕಾಗ ಮಾತ್ರ ಕುಣಿಯುತ್ತದೆ. ಬೆಲ್ ತೆಗೆದಾಗ ಆ ಕಂಪನ ಹುಟ್ಟಲೇ ಇಲ್ಲ, ಅಷ್ಟೆ. ದೋಷ ವಾದ್ಯದ ಬೇರೆ ಯಾವ ಮೂಲೆಯಲ್ಲಾದರೂ ಇರಬಹುದು.

ಹುಡುಕುವಾಗ ಅಂಗಡಿಯಿಂದ ಹೊರಗೆ, ಬಯಲಿಗೆ ಬನ್ನಿ. ತಗಡಿನ ಮಾಡು, ಕಿಟಕಿಯ ಗಾಜು, ಮೂಲೆಯಲ್ಲಿಟ್ಟ ಸೈಡ್ ಡ್ರಮ್ಮಿನ ಕೆಳಗಿನ ತಂತಿ, ಇವಕ್ಕೆಲ್ಲ ಸೂಸಾಫೋನಿನ ಜೊತೆ ದನಿಗೂಡಿಸುವ ಚಾಳಿ. ಯೂನಿಫಾರ್ಮ್ ಕೋಟನ್ನೂ ಬೆಲ್ಟನ್ನೂ ತೆಗೆದಿಡಿ. ಬ್ಯಾಂಡಿನವರ ಮೈಮೇಲೆ ಹಿತ್ತಾಳೆಗೇನು ಕಡಿಮೆ? ಆಮೇಲೆ ಒಬ್ಬರು ಅದೇ ಬಿ-ಫ್ಲ್ಯಾಟನ್ನು ಜೋರಾಗಿ, ಉದ್ದಕ್ಕೆ ಹಿಡಿಯಲಿ. ಇನ್ನೊಬ್ಬರು ಬೆರಳಿನಿಂದ ಒಂದೊಂದೇ ಭಾಗವನ್ನು ಒತ್ತುತ್ತ ಹೋಗಲಿ: ವಾಲ್ವಿನ ಕೆಳಮುಚ್ಚಳ, ನೀರು ಬಿಡುವ ಕೀಲಿಯ ಸ್ಪ್ರಿಂಗು, ಮೌತ್‌ಪೀಸ್ ಕೂರುವ ಕುತ್ತಿಗೆಯ ತುಂಡುಗಳು, ಕೊಳವೆಗಳ ನಡುವಿನ ಆಸರೆ ಕಡ್ಡಿಗಳ ಎರಡೂ ತುದಿ. ಬೆಸುಗೆ ಬಿಟ್ಟ ಕಡ್ಡಿ ನೋಡಲು ಸರಿಯಾಗಿಯೇ ಇರುತ್ತದೆ, ಗೆಣ್ಣಿನಿಂದ ತಟ್ಟಿದರೆ ಗುಟ್ಟು ಬಿಡುತ್ತದೆ. ಯಾವುದನ್ನು ಒತ್ತಿದಾಗ ಸದ್ದು ನಿಲ್ಲುತ್ತದೋ ಅದೇ ಕಳ್ಳ.

ಅಷ್ಟಕ್ಕೂ ಸಿಗದಿದ್ದರೆ ಬೆಲ್ಲಿನ ಅಂಚು. ಅಂಚಿನ ತಗಡನ್ನು ಒಂದು ತಂತಿಯ ಸುತ್ತ ಮಡಿಚಿರುತ್ತಾರೆ. ಬೆಲ್ಲಿಗೆ ಪೆಟ್ಟು ಬಿದ್ದರೆ ಆ ಮಡಿಕೆ ಬಾಯಿ ಬಿಡುತ್ತದೆ, ಒಳಗಿನ ತಂತಿ ಅಲುಗತೊಡಗುತ್ತದೆ. ಕಲಬುರಗಿಯಲ್ಲಿ ಶಹಾಬಾದ್ ಕಲ್ಲಿಗೆ ಬರವಿಲ್ಲ. ಪಾಲಿಶ್ ಮಾಡಿದ ಫರಸಿಯ ಮೇಲೆ ಬೆಲ್ಲನ್ನು ಬೋರಲು ಇಟ್ಟು ಒತ್ತಿ ನೋಡಿ. ಕುಂಟಿದರೆ ಅಂಚು ಬಾಗಿದೆ.

ಪ್ರಶ್ನೆ ಕೇಳಿದವರು (ಕಲಬುರಗಿ)

ಉಸ್ತಾದರೇ, ಕಾಲರ್ ಒರೆಸಿದಾಗ ಬಟ್ಟೆ ಕಪ್ಪಗಾಯಿತು. ಹೊಸ ಗ್ರೀಸ್ ಹಚ್ಚಿ ನೀವು ಹೇಳಿದ ಹಾಗೆ ಕೂರಿಸಿದ ಮೇಲೆ ಎ ಸ್ವರ ಸ್ವಚ್ಛವಾಯಿತು, ಬಿ-ಫ್ಲ್ಯಾಟ್ ಮಾತ್ರ ಹಟ ಬಿಡಲಿಲ್ಲ. ಬಯಲಿನಲ್ಲಿ ಅಣ್ಣ ಊದಿದ, ನಾನು ಕಡ್ಡಿಗಳನ್ನೆಲ್ಲ ಒತ್ತಿದೆ, ಒಂದೂ ಸಿಗಲಿಲ್ಲ. ಬೆಲ್ಲಿನ ಅಂಚಿಗೆ ಬಂದಾಗ, ಎಡಗಡೆ ಒಂದು ಕಡೆ ಹೆಬ್ಬೆರಳಿನಿಂದ ಚಿವುಟಿ ಹಿಡಿದರೆ ಸದ್ದು ಪಕ್ಕನೆ ನಿಂತಿತು. ಬಿಟ್ಟರೆ ಮತ್ತೆ ಬಂತು. ಖಾತ್ರಿ ಮಾಡಿಕೊಳ್ಳಲು ಬೆಲ್ಲನ್ನು ಒಂದು ಸ್ಕ್ರೂವಿನಷ್ಟು ತಿರುಗಿಸಿ ಜೋಡಿಸಿದೆ, ಕಾಟದ ಜಾಗವೂ ಜೊತೆಯಲ್ಲೇ ತಿರುಗಿತು. ಫರಸಿಯ ಮೇಲೆ ಬೋರಲು ಇಟ್ಟರೆ ಅಲ್ಲಿ ಲಗ್ನಪತ್ರಿಕೆಯ ರಟ್ಟು ಸಲೀಸಾಗಿ ನುಸುಳುತ್ತದೆ. ಹತ್ತಿರದಿಂದ ನೋಡಿದರೆ ಮಡಿಕೆ ಕೂದಲೆಳೆಯಷ್ಟು ತೆರೆದಿದೆ, ಒಳಗೆ ತಂತಿ ಮಸುಕಾಗಿ ಕಾಣುತ್ತದೆ. ಬೆಸುಗೆ ಹಾಕಿಸಲೇ? ಇಲ್ಲಿ ಪಾತ್ರೆಗೆ ಕಲಾಯಿ ಹಾಕುವವರು ಇದ್ದಾರೆ.

ಉತ್ತರ (ಬೀದರ್)

ಬೆಲ್ಲನ್ನು ತಿರುಗಿಸಿ ನೋಡಿದ್ದು ಬಹಳ ಒಳ್ಳೆಯದಾಯಿತು, ಇನ್ನು ಸಂಶಯವಿಲ್ಲ. ಬೆಸುಗೆ ಬೇಡ. ಅಂಚಿನ ಮೇಲೆ ಬೆಂಕಿ ಆಡಿಸಿದರೆ ಲ್ಯಾಕರ್ (ಹೊಳಪಿನ ಲೇಪ) ಸುಟ್ಟು ಕಪ್ಪಾಗುತ್ತದೆ, ತಗಡು ಮೆತ್ತಗಾಗುತ್ತದೆ. ಕಲಾಯಿಯವರ ಕೈಚಳಕದ ಬಗ್ಗೆ ನನಗೆ ಗೌರವವಿದೆ, ಆದರೆ ಅವರ ಕುಲುಮೆಯ ಶಾಖಕ್ಕೂ ಈ ಕೆಲಸಕ್ಕೂ ಆಗಿಬರುವುದಿಲ್ಲ: 63 ಭಾಗ ತವರ, 37 ಭಾಗ ಸೀಸದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಕಾಲರಿನ ಹತ್ತಿರ ಶಾಖ ಹೋದರೆ ಗಟ್ಟಿಯಾಗಿದ್ದ ಜೋಡಣೆಯೂ ಬಿಚ್ಚಿಕೊಂಡೀತು. ನಮ್ಮ ಊರಿನ ಬಿದರಿ ಕುಶಲಕರ್ಮಿಗಳ ಬಳಿಗೂ ಕೆಲವರು ವಾದ್ಯ ಹೊತ್ತು ಬರುತ್ತಾರೆ; ಬಿದರಿ ಸತು ಮತ್ತು ತಾಮ್ರದ ಎರಕ, ತಗಡಿನ ಕೊಳವೆಯ ವಿದ್ಯೆಯೇ ಬೇರೆ.

ಅಂಚನ್ನು ಒಳಗಡೆಯಿಂದ ದಪ್ಪ ಮರದ ತುಂಡಿಗೆ ಆನಿಸಿ. ಹೊರಗಡೆಯಿಂದ ನಯವಾದ ಉಕ್ಕಿನ ಸರಳನ್ನೋ ಗಟ್ಟಿ ಚಮಚದ ಬೆನ್ನನ್ನೋ ಒತ್ತಿ ಉಜ್ಜುತ್ತ ಮಡಿಕೆಯನ್ನು ಮುಚ್ಚಿಸಿ. ಸುತ್ತಿಗೆಯಿಂದ ಬಡಿದರೆ ತಗಡು ಹಿಗ್ಗಿ ಅಂಚು ಅಲೆಯಲೆಯಾಗುತ್ತದೆ. ಮುಚ್ಚಿದ ಮೇಲೂ ಸಣ್ಣಗೆ ಅದುರಿದರೆ ಬಣ್ಣವಿಲ್ಲದ ಉಗುರುಬಣ್ಣದ ಒಂದು ತೊಟ್ಟನ್ನು ಸಂದಿಗೆ ಬಿಟ್ಟು ರಾತ್ರಿಯಿಡೀ ಒಣಗಲು ಬಿಡಿ. ಎಪಾಕ್ಸಿ ಮಾತ್ರ ತುಂಬಬೇಡಿ, ಮುಂದೆ ರಿಪೇರಿ ಮಾಡುವವರು ಅದನ್ನು ಕೆರೆದು ತೆಗೆಯುವಷ್ಟರಲ್ಲಿ ಸುಸ್ತಾಗುತ್ತಾರೆ.

ಉತ್ತರ (ಯಾದಗಿರಿ)

ಅಂಚಿನೊಳಗೆ ತಂತಿ ಇರುವುದು ನನಗೆ ಹೊಸ ವಿಷಯ. ನಮ್ಮ ವಾದ್ಯದ ಬೆಲ್ಲನ್ನೂ ಫರಸಿಯ ಮೇಲೆ ಇಟ್ಟು ನೋಡಬೇಕು.

ಪ್ರಶ್ನೆ ಕೇಳಿದವರು (ಕಲಬುರಗಿ)

ಚಮಚದಲ್ಲಿ ಉಜ್ಜಿ ಮುಚ್ಚಿದೆ, ಒಂದು ತೊಟ್ಟು ಉಗುರುಬಣ್ಣವನ್ನೂ ಬಿಟ್ಟೆ. ಬಿ-ಫ್ಲ್ಯಾಟ್ ಈಗ ತುಂಬಿ ಬರುತ್ತಿದೆ, ಜೋರಾಗಿ ಊದಿದರೂ ಜರ್ರ್ ಇಲ್ಲ. ಇನ್ನೊಂದು ಮಾತು: ಮೂರು ಸ್ಕ್ರೂಗಳಲ್ಲಿ ಒಂದು ಮೂಲದ್ದಲ್ಲ, ಯಾರೋ ಹಾಕಿದ ಕಬ್ಬಿಣದ ಸ್ಕ್ರೂ. ಅರ್ಧಕ್ಕೆ ನಿಂತುಬಿಡುತ್ತದೆ. ಹಾಗೇ ಇರಲೇ?

ಉತ್ತರ (ಬೀದರ್)

ಇರಬಾರದು. ಕಬ್ಬಿಣ ಹಿತ್ತಾಳೆಯ ಮರೆಯನ್ನು (ಸ್ಕ್ರೂ ಹತ್ತುವ ತಿರುಪಿನ ಗೆರೆಗಳನ್ನು) ತಿಂದುಹಾಕುತ್ತದೆ. ಮರೆ ಸವೆದರೆ ಕಾಲರನ್ನೇ ಬದಲಿಸಬೇಕಾಗುತ್ತದೆ. ಒಳ್ಳೆಯ ಸ್ಕ್ರೂ ಒಂದನ್ನು ಮಾದರಿಗೆ ಕೊಟ್ಟು ಲೇತ್ ಅಂಗಡಿಯಲ್ಲಿ ಹಿತ್ತಾಳೆಯದನ್ನೇ ತಿರುವಿಸಿಕೊಳ್ಳಿ. ಒಂದರ ಬದಲು ಎರಡು ಮಾಡಿಸಿ, ಮೆರವಣಿಗೆಯಲ್ಲಿ ಬೀಳುವುದು ಯಾವಾಗಲೂ ಇದೇ ಸ್ಕ್ರೂ.